ಬೆರೆತದ್ದನ್ನು ಬೇರ್ಪಡಿಸುವ ಬೆಲೆ



ಬೀದರ ಜಿಲ್ಲೆಯ ಹುಮನಾಬಾದ ಮತ್ತು ಬಸವಕಲ್ಯಾಣ ತಾಲ್ಲೂಕುಗಳಲ್ಲಿ ತೊಗರಿ, ಕಡಲೆ, ಜೋಳಗಳ ರಾಶಿಯ ದಿನಗಳು ಬಂದಾಗ ಕಣದಲ್ಲಿ ನಿಂತ ಹಿರಿಯರು ಮೊದಲು ಗಮನಿಸುತ್ತಿದ್ದುದು ಗಾಳಿಯನ್ನು. ಗಾಳಿ ಬಿದ್ದರೆ ಕೆಲಸ ನಿಲ್ಲುತ್ತಿತ್ತು. ಗಾಳಿ ಎದ್ದ ಕೂಡಲೆ ಒಬ್ಬರು ಎತ್ತರದಲ್ಲಿ ನಿಂತು ಮೊರದಿಂದ ಸುರಿಯುತ್ತಿದ್ದರು. ಕಾಳು ನೇರವಾಗಿ ಕೆಳಗೆ ಬೀಳುತ್ತಿತ್ತು. ಹೊಟ್ಟು ನಾಲ್ಕು ಮಾರು ಆಚೆ ಹೋಗಿ ಬೀಳುತ್ತಿತ್ತು. ಇಂದು ಕಣಕ್ಕೆ ರಾಶಿ ಯಂತ್ರ ಬಂದಿದೆ. ಆದರೆ ಆ ಯಂತ್ರದ ಹೊಟ್ಟೆಯಲ್ಲಿಯೂ ಇರುವುದು ಒಂದು ಫ್ಯಾನು ಮತ್ತು ಕೆಲವು ಜರಡಿಗಳೇ.

ಈ ಕೆಲಸದಲ್ಲಿ ಕಾಳು ಕಾಳಾಗಿಯೇ ಉಳಿಯಿತು, ಹೊಟ್ಟು ಹೊಟ್ಟಾಗಿಯೇ ಉಳಿಯಿತು. ಯಾವುದೂ ಸುಡಲಿಲ್ಲ, ಹುಳಿಯಲಿಲ್ಲ, ಬೇರೆ ಪದಾರ್ಥವಾಗಿ ಮಾರ್ಪಡಲಿಲ್ಲ. ಹೀಗೆ ಪದಾರ್ಥದ ಗುಣವನ್ನು ಕೆಡಿಸದೆ ಮಿಶ್ರಣವನ್ನು ಬಿಡಿಸುವ ಕ್ರಮಕ್ಕೆ ರಸಾಯನಶಾಸ್ತ್ರದಲ್ಲಿ ಭೌತಿಕ ಬೇರ್ಪಡಿಕೆ ಎಂದು ಹೆಸರು. ಪ್ರೌಢಶಾಲೆಯ ಪಠ್ಯದಲ್ಲಿ ಸೋಸುವುದು, ಬಸಿಯುವುದು, ಆವಿಯಾಗಿಸುವುದು, ಆಸವನ, ಸ್ಫಟಿಕೀಕರಣ ಎಂದು ಇವುಗಳ ಪಟ್ಟಿಯೇ ಇದೆ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ, ಅದೇ ಪಟ್ಟಿಯ ಮೇಲೆ ತನ್ನ ಊರಿನ ಬಾವಿಯ ಭವಿಷ್ಯ ನಿಂತಿದೆ ಎಂಬುದನ್ನು ಸಾಮಾನ್ಯವಾಗಿ ಅರಿಯುವುದಿಲ್ಲ. ಈ ಮಾತುಗಳ ಉದ್ದೇಶ ಆ ನಂಟನ್ನು ತೋರಿಸುವುದು.

ಎಲ್ಲ ವಿಧಾನಗಳ ಹಿಂದೆ ಇರುವ ತತ್ವ ಒಂದೇ. ಬೆರೆತ ಎರಡು ವಸ್ತುಗಳ ನಡುವೆ ಏನಾದರೊಂದು ವ್ಯತ್ಯಾಸವಿರಬೇಕು: ಗಾತ್ರ, ತೂಕ, ಕಾಂತಗುಣ, ಕುದಿಯುವ ಉಷ್ಣತೆ, ನೀರಿನಲ್ಲಿ ಕರಗುವ ಪ್ರಮಾಣ. ಆ ವ್ಯತ್ಯಾಸವನ್ನು ಹಿಡಿದು ದುಡಿದರೆ ಬೇರ್ಪಡಿಕೆ ಸಾಧ್ಯ. ಬೆರೆಸಲು ದುಡಿಮೆ ಬೇಡ. ಒಂದು ಹಿಡಿ ಉಪ್ಪನ್ನು ಹಳ್ಳಕ್ಕೆ ಎಸೆದರೆ ಸಾಕು. ಆ ಹಿಡಿ ಉಪ್ಪನ್ನು ಮರಳಿ ಪಡೆಯಲು ಹಳ್ಳವನ್ನೇ ಕಾಯಿಸಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಎಂಬ ಶರಣನಿದ್ದ. ಚೆಲ್ಲಿದ ಅಕ್ಕಿಯನ್ನು ಆಯುವುದೇ ಅವನ ಕಾಯಕ, ಅದೇ ಅವನ ಹೆಸರೂ ಆಯಿತು. ಕೈಯಿಂದ ಆರಿಸುವುದು ಬೇರ್ಪಡಿಕೆಯ ಮೊದಲ ಪಾಠ. ಕಣ್ಣಿಗೆ ಕಾಣುವ ವ್ಯತ್ಯಾಸ, ಬೆರಳಿನ ದುಡಿಮೆ, ಎರಡೇ ಸಾಕು. ಆದರೆ ಚೆಲ್ಲಲು ಒಂದು ಗಳಿಗೆ, ಆಯಲು ಒಂದು ಹೊತ್ತು ಎಂಬ ಲೆಕ್ಕವೂ ಅದೇ ಪಾಠದಲ್ಲಿದೆ.

ಎರಡು ನದಿಗಳ ನಡುವಿನ ದಿಬ್ಬ

ಮಲೆನಾಡಿನ ಓದುಗರಿಗೆ ಬೀದರ ಬಲು ದೂರ. ಆದರೂ ನೆಲದ ಒಂದು ಗುಣದಲ್ಲಿ ಎರಡೂ ಕಡೆಯವರು ನೆರೆಯವರು. ಬೀದರ ಮತ್ತು ಹುಮನಾಬಾದ ಕಡೆಯ ಎತ್ತರದ ಬಯಲಿನ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮುರಕಲ್ಲು, ಕೆಂಪುಕಲ್ಲು ಎಂದು ಕರೆಯುವುದು ಇದನ್ನೇ. ಅದರ ಕೆಳಗೆ ದಖನ್ನಿನ ಕಪ್ಪು ಬಸಾಲ್ಟ್ ಶಿಲೆ. ಜಂಬಿಟ್ಟಿಗೆ ತೂತುಗಳಿಂದ ತುಂಬಿದ ಕಲ್ಲು. ಮಳೆ ನೀರನ್ನು ಕುಡಿದು ಕೆಳಗೆ ಬಿಡುತ್ತದೆ. ಗಟ್ಟಿ ಬಸಾಲ್ಟ್ ಅಡ್ಡಬಂದಲ್ಲಿ ನೀರು ನಿಂತು ಪಕ್ಕಕ್ಕೆ ಹರಿಯುತ್ತದೆ. ಬೀದರ ನಗರದಲ್ಲಿ ಬಹಮನಿ ಕಾಲದಲ್ಲಿ ಅಗೆದ ಕರೇಜ್ ಎಂಬ ಸುರಂಗ ಕಾಲುವೆಗಳು ಈ ಎರಡು ಕಲ್ಲುಗಳ ಸಂಧಿಯಲ್ಲಿ ಜಿನುಗುವ ನೀರನ್ನೇ ನಂಬಿದ್ದವು. ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ಪಡೆದ ಕೃಷಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮತ್ತೊಂದು ಸಂಗತಿ ಇನ್ನೂ ಮುಖ್ಯ. ಹುಮನಾಬಾದಿನ ಸುತ್ತಲಿನ ನೆಲ ಎರಡು ಮಹಾನದಿಗಳ ನಡುವಿನ ದಿಬ್ಬ. ಒಂದು ಕಡೆಯ ನೀರು ಕಾರಂಜಾ ಸೇರಿ, ಮಾಂಜ್ರಾ ಸೇರಿ, ಕೊನೆಗೆ ಗೋದಾವರಿಗೆ ಹೋಗುತ್ತದೆ. ಇನ್ನೊಂದು ಕಡೆಯ ನೀರು ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿಗೆ ಇಳಿದು, ಚಿಂಚೋಳಿಯ ಕಡೆ ಸಾಗಿ, ಕಾಗಿಣಾ ಮತ್ತು ಭೀಮಾ ಮೂಲಕ ಕೃಷ್ಣೆಗೆ ಸೇರುತ್ತದೆ. ಇಂಥ ದಿಬ್ಬದ ಮೇಲೆ ಬೆರೆತದ್ದು ಎರಡೂ ದಿಕ್ಕಿಗೆ ಇಳಿಯಬಲ್ಲದು. ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಬಾಳುವವರಿಗೆ ಈ ಹೊಣೆಯ ಭಾರ ತಿಳಿದೇ ಇದೆ.

ಗಾತ್ರದ ವ್ಯತ್ಯಾಸ: ನಾಲ್ಕು ಮಡಿಕೆಯ ಬಟ್ಟೆ

ಜರಡಿ, ಸಾಣಿಗೆ, ಸೋಸುವ ಬಟ್ಟೆ, ಇವೆಲ್ಲ ಗಾತ್ರದ ವ್ಯತ್ಯಾಸವನ್ನು ಹಿಡಿಯುವ ಸಾಧನಗಳು. ಇವನ್ನು ಹಗುರವಾಗಿ ಎಣಿಸಬಾರದು. ನಾರುಹುಣ್ಣು ಎಂಬ ರೋಗ ಕರ್ನಾಟಕವೂ ಸೇರಿದಂತೆ ಭಾರತದ ಏಳು ರಾಜ್ಯಗಳನ್ನು ಕಾಡುತ್ತಿತ್ತು. ಮೆಟ್ಟಿಲು ಬಾವಿಗೆ ಇಳಿದು ಕಾಲು ನೆನೆಸಿ ನೀರು ತರುವ ಊರುಗಳಲ್ಲಿ ಅದು ಮನೆಮನೆಯ ಸಂಕಟ. ರೋಗದ ಮರಿಹುಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯೊಳಗೆ ಅಡಗಿ ಮನುಷ್ಯನ ಹೊಟ್ಟೆ ಸೇರುತ್ತಿತ್ತು. ಸೈಕ್ಲಾಪ್ಸ್ ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣದು. ಆದರೂ ದಟ್ಟ ನೇಯ್ಗೆಯ ಬಟ್ಟೆಯ ಕಣ್ಣಿಗಿಂತ ದೊಡ್ಡದು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಟ್ಟಿಲು ಬಾವಿಗಳ ಸುಧಾರಣೆ, ಕೊಳವೆಬಾವಿ, ಔಷಧೋಪಚಾರಗಳ ಜೊತೆಗೆ ನೀರು ಸೋಸುವ ಬಟ್ಟೆಯೂ ಆಯುಧವಾಯಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ವರದಿಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ದೃಢೀಕರಿಸಿತು. ಈ ರೋಗಕ್ಕೆ ಲಸಿಕೆ ಎಂದೂ ಇರಲಿಲ್ಲ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಹಳೆಯ ಹತ್ತಿಯ ಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಊರುಗಳಲ್ಲಿ ಕಾಲರಾ ಪ್ರಕರಣಗಳು 48 ಶೇಕಡಾ ಇಳಿದವು. ಕಾಲರಾ ರೋಗಾಣು ಬಟ್ಟೆಯ ಕಣ್ಣಿಗಿಂತ ಎಷ್ಟೋ ಸಣ್ಣದು. ಆದರೆ ಅದು ನೀರಿನ ಸೂಕ್ಷ್ಮಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ಆ ಜೀವಿಗಳನ್ನು ತಡೆದರೆ ರೋಗಾಣುವಿನ ದೊಡ್ಡ ಪಾಲೂ ತಡೆದಂತೆ.

ಇದು ಸೋಸುವಿಕೆಯ ಗೆಲುವು. ಅದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಅರಿಯಬೇಕು. ನೀರಿನಲ್ಲಿ ತೇಲುವ ವಸ್ತುವನ್ನು ಬಟ್ಟೆ ತಡೆಯುತ್ತದೆ, ಕರಗಿದ ವಸ್ತುವನ್ನು ತಡೆಯಲಾರದು. ಉಪ್ಪು, ನೈಟ್ರೇಟ್, ಫ್ಲೋರೈಡ್, ಕರಗಿದ ರಾಸಾಯನಿಕಗಳಿಗೆ ಬಟ್ಟೆಯೂ ಒಂದೇ, ತೆರೆದ ಬಾಗಿಲೂ ಒಂದೇ. ಗಾಜಿನ ಲೋಟದಲ್ಲಿ ತಿಳಿಯಾಗಿ ಹೊಳೆಯುವ ನೀರು ಶುದ್ಧವೆಂದು ನಂಬುವುದು ಈ ವ್ಯತ್ಯಾಸವನ್ನು ಮರೆತದ್ದರ ಫಲ.

ತೂಕದ ವ್ಯತ್ಯಾಸ, ಮತ್ತು ಉಳಿದ ರಾಶಿ

ಅಕ್ಕಿ ಗಾಳಿಸುವ ಗೃಹಿಣಿ ಪಾತ್ರೆಯನ್ನು ಅಲುಗಿಸಿ ಅಲುಗಿಸಿ ಬಸಿದಾಗ ಕಲ್ಲು ತಳದಲ್ಲಿ ಉಳಿಯುತ್ತದೆ. ರಾಡಿ ನೀರನ್ನು ಕೊಡದಲ್ಲಿ ರಾತ್ರಿಯಿಡೀ ಇಟ್ಟರೆ ಮಣ್ಣು ಕೂರುತ್ತದೆ. ನುಣ್ಣನೆಯ ಜೇಡಿ ಬೇಗ ಕೂರದಿದ್ದಾಗ ಕತಕ, ಅಂದರೆ ಚಿಲ್ಲದ ಬೀಜವನ್ನು ತೇಯ್ದು ಹಾಕುವುದು ಈ ದೇಶದ ಪುರಾತನ ಪದ್ಧತಿ. ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದೊಡ್ಡವಾಗಿ ತಳಕ್ಕೆ ಇಳಿಯುತ್ತವೆ. ನಗರದ ನೀರು ಶುದ್ಧೀಕರಣ ಕೇಂದ್ರಗಳಲ್ಲಿ ಆಲಂ, ಅಂದರೆ ಪಟಕ, ಮಾಡುವುದೂ ಇದೇ ಕೆಲಸ. ಮೊಸರು ಕಡೆದಾಗ ಹಗುರವಾದ ಬೆಣ್ಣೆ ಮೇಲೆ ತೇಲುವುದರಲ್ಲಿಯೂ ತೂಕದ ವ್ಯತ್ಯಾಸದ ಪಾತ್ರವಿದೆ.

ತೂಕ ಮತ್ತು ಕಾಂತಗುಣದ ಬೇರ್ಪಡಿಕೆ ಬೃಹತ್ತಾಗಿ ನಡೆದದ್ದು ಮಲೆನಾಡಿನಲ್ಲಿಯೇ. ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಸುಮಾರು 38 ಶೇಕಡಾ. ಕಲ್ಲನ್ನು ಹುಡಿಮಾಡಿ, ನೀರಿನಲ್ಲಿ ಕಲಸಿ, ಕಾಂತದಿಂದ ಸೆಳೆದು ಅದನ್ನು ಸುಮಾರು 67 ಶೇಕಡಾಕ್ಕೆ ಏರಿಸಿ, ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ಸೆಳೆಯದೆ ಉಳಿದ ಹುಡಿ ಲಕ್ಯಾ ಅಣೆಕಟ್ಟಿನ ಹಿಂದೆ ಸೇರಿತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಅದಿರು ಹಡಗು ಏರಿ ಹೋಯಿತು; ಹುಡಿ ಭದ್ರೆಯ ಕಣಿವೆಯಲ್ಲಿಯೇ ಉಳಿಯಿತು.

ಇಲ್ಲಿ ಎರಡನೆಯ ತತ್ವ ಗೋಚರಿಸುತ್ತದೆ. ಯಾವ ಬೇರ್ಪಡಿಕೆಯೂ ಏನನ್ನೂ ನಾಶಮಾಡುವುದಿಲ್ಲ. ಒಂದು ರಾಶಿಯನ್ನು ಎರಡು ರಾಶಿಯಾಗಿಸುತ್ತದೆ, ಅಷ್ಟೆ. ಬೇಕಾದ ರಾಶಿ ಮಾರುಕಟ್ಟೆಗೆ ಹೋದ ಮೇಲೆ ಬೇಡವಾದ ರಾಶಿ ಎಲ್ಲಿ, ಯಾರ ಹಿತ್ತಲಿನಲ್ಲಿ ಎಂಬ ಪ್ರಶ್ನೆಯನ್ನು ಕೇಳದೆ ಯಾವ ತಂತ್ರವನ್ನೂ ಒಪ್ಪಬಾರದು.

ಕುದಿಯುವ ವ್ಯತ್ಯಾಸ: ಕೊಪ್ಪರಿಗೆಯಿಂದ ಕಾರ್ಖಾನೆಗೆ

ಬೀದರ ಜಿಲ್ಲೆ ಕಬ್ಬಿನ ನಾಡೂ ಹೌದು. ಹುಮನಾಬಾದ ಕಡೆಯ ಹಳ್ಳಿಖೇಡ (ಬಿ)ಯ ಸಹಕಾರಿ ಸಕ್ಕರೆ ಕಾರ್ಖಾನೆ ಈ ಭಾಗದ ಹಳೆಯ ಕಾರ್ಖಾನೆಗಳಲ್ಲಿ ಒಂದು. ಗಾಣದ ಮನೆಯ ಕೊಪ್ಪರಿಗೆಯಲ್ಲಿಯೂ ಸಕ್ಕರೆ ಕಾರ್ಖಾನೆಯಲ್ಲಿಯೂ ನಡೆಯುವ ಮೂಲ ಕೆಲಸ ಒಂದೇ: ನೀರನ್ನು ಓಡಿಸಿ ಸಿಹಿಯನ್ನು ಉಳಿಸಿಕೊಳ್ಳುವುದು. ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಹಾಕಿದರೆ ಕಸವೆಲ್ಲ ಮಡ್ಡಿಯಾಗಿ ಮೇಲೆ ಬರುತ್ತದೆ. ಅದನ್ನು ಜಾಲರಿಯಿಂದ ತೆಗೆಯುತ್ತಾರೆ. ಕಾರ್ಖಾನೆಯಲ್ಲಿ ಸುಣ್ಣ ಮತ್ತು ಗಂಧಕದ ಅನಿಲದಿಂದ ಕಸವನ್ನು ಕೂರಿಸುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಬಹುಮಟ್ಟಿಗೆ ಭೌತಿಕ ಕ್ರಮಗಳೇ. ತಿಳಿಯನ್ನು ಬಸಿಯುವುದು, ಕೆಸರನ್ನು ನಿರ್ವಾತದ ಸೋಸುಕದಲ್ಲಿ ಹಿಂಡುವುದು, ರಸವನ್ನು ಆವಿಯಾಗಿಸುವುದು, ಹರಳುಗಟ್ಟಿಸುವುದು, ಹರಳನ್ನು ಕಾಕಂಬಿಯಿಂದ ಬಿಡಿಸಲು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಬುಟ್ಟಿಯಲ್ಲಿ ಹಾಕುವುದು.

ಈ ದುಡಿಮೆಯ ಬೆಲೆ ಎಷ್ಟು? ಒಂದು ಕಿಲೋ ಕುದಿಯುವ ನೀರನ್ನು ಆವಿಯಾಗಿಸಲು ಸುಮಾರು 2,257 ಕಿಲೋಜೂಲ್ ಶಾಖ ಬೇಕು. ಅದೇ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 314 ಕಿಲೋಜೂಲ್ ಮಾತ್ರ. ಕುದಿಸುವುದಕ್ಕಿಂತ ಇಂಗಿಸುವುದು ಏಳು ಪಟ್ಟು ದುಬಾರಿ. 16 ಶೇಕಡಾ ಕರಗಿದ ಘನವಸ್ತುವುಳ್ಳ ಸಾವಿರ ಕಿಲೋ ಕಬ್ಬಿನ ಹಾಲನ್ನು 60 ಶೇಕಡಾದ ಪಾಕವಾಗಿಸಲು 730 ಕಿಲೋಗೂ ಹೆಚ್ಚು ನೀರನ್ನು ಆವಿಯಾಗಿಸಬೇಕು. ಅಮೆರಿಕದ ನಾರ್ಬರ್ಟ್ ರಿಲ್ಯೂ 1843ರಲ್ಲಿ ಹಕ್ಕುಸ್ವಾಮ್ಯ ಪಡೆದ ಉಪಾಯ ಈ ವೆಚ್ಚವನ್ನು ತಗ್ಗಿಸಿತು. ಮೊದಲ ಪಾತ್ರೆಯಿಂದ ಎದ್ದ ಆವಿಯನ್ನು ಬಯಲಿಗೆ ಬಿಡದೆ ಎರಡನೆಯ ಪಾತ್ರೆಯನ್ನು ಕಾಯಿಸಲು ಬಳಸಬೇಕು. ಎರಡನೆಯದರಲ್ಲಿ ಒತ್ತಡ ಕಡಿಮೆ ಇರುವುದರಿಂದ ರಸ ಕಡಿಮೆ ಶಾಖದಲ್ಲಿಯೇ ಕುದಿಯುತ್ತದೆ. ಇಂದಿಗೂ ಎಲ್ಲ ಸಕ್ಕರೆ ಕಾರ್ಖಾನೆಗಳು ನಿಂತಿರುವುದು ಈ ಉಪಾಯದ ಮೇಲೆ.

ಉಳಿದ ರಾಶಿಯ ಪ್ರಶ್ನೆ ಇಲ್ಲಿಯೂ ಏಳುತ್ತದೆ. ಕಾಕಂಬಿಯನ್ನು ಹುದುಗಿಸಿ, ಆಸವನ ಮಾಡಿ ಮದ್ಯಸಾರ ಪಡೆಯುತ್ತಾರೆ. ಒಂದು ಲೀಟರ್ ಮದ್ಯಸಾರ ಹೊರಬಂದಾಗ ಎಂಟರಿಂದ ಹದಿನೈದು ಲೀಟರ್ ಕಂದುಬಣ್ಣದ ಸ್ಪೆಂಟ್ ವಾಶ್ ಉಳಿಯುತ್ತದೆ. ಅದು ಹಳ್ಳ ಸೇರಿದರೆ ನೀರಿನಲ್ಲಿ ಕರಗಿದ ಆಮ್ಲಜನಕವೆಲ್ಲ ತೀರಿ ಮೀನು ಸಾಯುತ್ತದೆ. ಅದನ್ನು ಮತ್ತೆ ಇಂಗಿಸಿ ಸುಡಬೇಕು ಅಥವಾ ಗೊಬ್ಬರವಾಗಿಸಬೇಕು. ಅದಕ್ಕೆ ಮತ್ತೆ ಶಾಖ, ಮತ್ತೆ ಹಣ.

ದ್ರಾವಕಗಳ ಸಂಗತಿ

ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ಹುಮನಾಬಾದಿನ ಮೂಲಕ ಸಾಗುತ್ತದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿಯ ಮೂಲವಸ್ತು ಮತ್ತು ರಾಸಾಯನಿಕಗಳನ್ನು ತಯಾರಿಸುವ ಘಟಕಗಳಿವೆ. ದುರ್ವಾಸನೆ ಮತ್ತು ಅಂತರ್ಜಲದ ಬಗ್ಗೆ ಸುತ್ತಲಿನ ನಿವಾಸಿಗಳ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ. ಯಾವ ಘಟಕದ ಮೇಲೂ ತೀರ್ಪು ಕೊಡುವುದು ಈ ಮಾತಿನ ಉದ್ದೇಶವಲ್ಲ. ಇಂಥ ಉದ್ಯಮದ ಒಳಗೆ ನಡೆಯುವ ಬೇರ್ಪಡಿಕೆಯನ್ನು ಅರಿತರೆ ಮಾತ್ರ ಊರಿನವರು ಸರಿಯಾದ ಪ್ರಶ್ನೆಯನ್ನು ಕೇಳಬಲ್ಲರು.

ಔಷಧಿಯ ಮೂಲವಸ್ತುವನ್ನು ತಯಾರಿಸುವಾಗ ಅದರ ತೂಕಕ್ಕಿಂತ ಹಲವು ಪಟ್ಟು ದ್ರಾವಕ ಬಳಕೆಯಾಗುತ್ತದೆ. ದ್ರಾವಕದಲ್ಲಿ ಕರಗಿಸಿ, ತಣಿಸಿ, ಹರಳುಗಟ್ಟಿಸಿ, ಸೋಸಿ, ಒಣಗಿಸಿದಾಗ ಶುದ್ಧ ಔಷಧಿ ಸಿಗುತ್ತದೆ. ಉಳಿದ ದ್ರಾವಕವನ್ನು ಆಸವನದಿಂದ ಮರಳಿ ಪಡೆಯಬಹುದು. ಡೈಕ್ಲೋರೊಮೀಥೇನ್ 40 ಡಿಗ್ರಿಗೆ, ಅಸಿಟೋನ್ 56ಕ್ಕೆ, ಮೆಥನಾಲ್ 65ಕ್ಕೆ, ಟಾಲ್ವೀನ್ 111ಕ್ಕೆ ಕುದಿಯುತ್ತವೆ. ಕುದಿಬಿಂದುಗಳು ದೂರದೂರವಿದ್ದರೆ ಬೇರ್ಪಡಿಕೆ ಸುಲಭ. ಹತ್ತಿರವಿದ್ದರೆ ಎತ್ತರದ ಕಂಬದಂಥ ಪಾತ್ರೆಯಲ್ಲಿ ಮತ್ತೆ ಮತ್ತೆ ಆವಿಯಾಗಿಸಿ ತಣಿಸಬೇಕು. ಇದಕ್ಕೆ ಆಂಶಿಕ ಆಸವನವೆಂದು ಹೆಸರು. ಕೆಲವು ಜೋಡಿಗಳು ಅದಕ್ಕೂ ಬಗ್ಗುವುದಿಲ್ಲ. ಮದ್ಯಸಾರ ಮತ್ತು ನೀರಿನ ಮಿಶ್ರಣ ಸುಮಾರು 95.6 ಶೇಕಡಾ ತಲುಪಿದ ಮೇಲೆ ಒಂದೇ ದ್ರವದಂತೆ ಕುದಿಯುತ್ತದೆ. ಅಲ್ಲಿಗೆ ಕುದಿಯುವ ವ್ಯತ್ಯಾಸ ಮುಗಿಯಿತು. ಬೇರೆ ವ್ಯತ್ಯಾಸವನ್ನು ಹುಡುಕಬೇಕು.

ಒಂದೊಂದೇ ದ್ರಾವಕವನ್ನು ಅದರದರ ಪೀಪಾಯಿಯಲ್ಲಿ ಇಟ್ಟರೆ ಮರುಬಳಕೆಗೆ ಬರುತ್ತದೆ, ಹಣವೂ ಉಳಿಯುತ್ತದೆ. ನಾಲ್ಕೈದು ದ್ರಾವಕ, ಉಪ್ಪು, ಆಮ್ಲ, ಔಷಧಿಯ ಶೇಷ ಎಲ್ಲವೂ ಒಂದೇ ತೊಟ್ಟಿಗೆ ಸುರಿದರೆ ಅದು ಯಾರಿಗೂ ಬೇಡವಾದ ತ್ಯಾಜ್ಯ. ಅದೇ ಹೆದ್ದಾರಿಯ ಮೇಲೆ, ಹೈದರಾಬಾದಿನ ಹತ್ತಿರ, ಪಟಾನ್‌ಚೆರು ಇದೆ. ಅಲ್ಲಿ ಸುಮಾರು 90 ಔಷಧ ಘಟಕಗಳ ತ್ಯಾಜ್ಯ ನೀರು ಒಂದು ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿಯೇ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಇತ್ತು. ಕೆಲವು ಬ್ಯಾಕ್ಟೀರಿಯಾಗಳನ್ನು ಬಾಧಿಸುವ ಮಟ್ಟಕ್ಕಿಂತ ಅದು ಸಾವಿರ ಪಟ್ಟಿಗೂ ಹೆಚ್ಚು. ಆ ನೀರು ನಕ್ಕವಾಗು ಹಳ್ಳದ ಮೂಲಕ ಇಳಿಯುತ್ತಿದ್ದುದು ಬೀದರ ಜಿಲ್ಲೆಯನ್ನು ದಾಟಿ ಬರುವ ಅದೇ ಮಾಂಜ್ರಾ ನದಿಗೆ. ತೊಂಬತ್ತು ಬಗೆಯ ನೀರನ್ನು ಒಂದಾಗಿಸಿದ ಮೇಲೆ ಯಾವ ವ್ಯತ್ಯಾಸವನ್ನು ಹಿಡಿದು ಬಿಡಿಸಬೇಕು ಎಂಬುದು ಅಲ್ಲಿನ ಗಂಟು. ರೋಗಾಣುಗಳು ಔಷಧಿಗೆ ಜಗ್ಗದಂತೆ ಬಲಿಯುವ ಅಪಾಯ ಇಂಥ ನೀರಿನಲ್ಲಿಯೇ ಬೆಳೆಯುತ್ತದೆ.

ಒಂದು ಕಿಲೋದ ಲೆಕ್ಕ

ವಿದ್ಯಾರ್ಥಿಗಳು ತಮ್ಮ ಪಟ್ಟಿಯಲ್ಲಿ ಮಾಡಿ ನೋಡಬಹುದಾದ ಒಂದು ಲೆಕ್ಕ. ಡೈಕ್ಲೋರೊಮೀಥೇನಿಗೆ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಸೂಚಿಸಿರುವ ಮಿತಿ ಲೀಟರಿಗೆ 20 ಮೈಕ್ರೊಗ್ರಾಂ. ಒಂದು ಕಿಲೋ ಎಂದರೆ ನೂರು ಕೋಟಿ ಮೈಕ್ರೊಗ್ರಾಂ. ಭಾಗಿಸಿದರೆ, ಒಂದೇ ಕಿಲೋ ದ್ರಾವಕ 5 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಲು ಸಾಕು.

ಆ ಒಂದು ಕಿಲೋ ಕಾರ್ಖಾನೆಯ ಪೀಪಾಯಿಯಲ್ಲಿರುವಾಗ ಅದನ್ನು ಆವಿಯಾಗಿಸಿ ಮರಳಿ ಪಡೆಯಲು ಬೇಕಾದ ಶಾಖ ಸುಮಾರು 330 ಕಿಲೋಜೂಲ್. ಒಲೆಯ ಮೇಲೆ ಒಂದು ಲೀಟರ್ ನೀರನ್ನು ಚಹಾಕ್ಕೆಂದು ಕಾಯಿಸುವಷ್ಟೇ. ನೆಲಕ್ಕೆ ಚೆಲ್ಲಿದ ಮೇಲೆ ಲೆಕ್ಕವೇ ಬೇರೆ. ಈ ದ್ರವ ನೀರಿಗಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಭಾರ. ಬಿಸಿಲಿಗೆ ಒಂದಿಷ್ಟು ಹಾರಿಹೋಗುತ್ತದೆ. ಉಳಿದದ್ದು ಜಂಬಿಟ್ಟಿಗೆಯ ತೂತುಗಳಲ್ಲಿ, ಬಸಾಲ್ಟಿನ ಬಿರುಕುಗಳಲ್ಲಿ ಕೆಳಕ್ಕೆ ಇಳಿದು ಹಲವು ವರ್ಷ ನೀರಿಗೆ ಬೆರೆಯುತ್ತಿರಬಲ್ಲದು. ಆಗ ಕೊಳವೆಬಾವಿಯ ನೀರನ್ನೆಲ್ಲ ಮೇಲೆತ್ತಿ, ಅದರ ಮೂಲಕ ಗಾಳಿ ಹಾಯಿಸಿ ಅಥವಾ ಕ್ರಿಯಾಶೀಲ ಇದ್ದಿಲಿನ ಮೇಲೆ ಹರಿಸಿ ಶುದ್ಧಗೊಳಿಸಬೇಕು. ತಂತ್ರಜ್ಞಾನ ಇಲ್ಲವೆಂದಲ್ಲ. ಅದರ ವೆಚ್ಚವನ್ನು ಹೊರುವ ಶಕ್ತಿ ಒಂದು ಗ್ರಾಮ ಪಂಚಾಯಿತಿಗೆ ಇಲ್ಲ.

ಪೀಪಾಯಿಯ ಬಳಿ ಚಹಾದ ಖರ್ಚು, ಬಾವಿಯ ಬಳಿ ಊರಿನ ಆಸ್ತಿಯ ಖರ್ಚು. ಮೊದಲಿನದನ್ನು ಕೊಡಬೇಕಾದವನು ಲಾಭ ಪಡೆಯುವವನು. ಎರಡನೆಯದನ್ನು ಕೊಡುವವನು ನೀರು ಕುಡಿಯುವವನು. ಇಡೀ ಮಾಲಿನ್ಯದ ರಾಜಕಾರಣ ಈ ಎರಡು ಸಾಲುಗಳ ನಡುವೆ ಇದೆ.

ಮನೆಯಲ್ಲಿ, ಊರಿನಲ್ಲಿ

ಕುದಿಸಿದರೆ ನೀರು ಶುದ್ಧವಾಗುತ್ತದೆ ಎಂಬ ನಂಬಿಕೆ ರೋಗಾಣುಗಳ ಮಟ್ಟಿಗೆ ಸರಿ. ನೈಟ್ರೇಟ್, ಫ್ಲೋರೈಡ್‌ಗಳ ಮಟ್ಟಿಗೆ ತಪ್ಪು. ಲೀಟರಿಗೆ 42 ಮಿಲಿಗ್ರಾಂ ನೈಟ್ರೇಟ್ ಇರುವ ಹತ್ತು ಲೀಟರ್ ನೀರನ್ನು ಒಂಬತ್ತು ಲೀಟರ್ ಆಗುವವರೆಗೆ ಕುದಿಸಿದರೆ ಅದು 46 ದಾಟುತ್ತದೆ. ಭಾರತೀಯ ಮಾನಕದ ಮಿತಿ 45. ಹಾರಿಹೋದದ್ದು ನೀರು, ಉಳಿದದ್ದು ನೈಟ್ರೇಟ್. ಹಸುಗೂಸಿಗೆ ಹಾಲಿನ ಪುಡಿ ಕಲಸಿಕೊಡುವ ತಾಯಂದಿರು ಇದನ್ನು ಅವಶ್ಯವಾಗಿ ತಿಳಿದಿರಬೇಕು.

ಗ್ರಾಮಗಳಲ್ಲಿ ಸ್ಥಾಪಿತವಾಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಹೆಚ್ಚಾಗಿ ಆರ್.ಒ. ವಿಧಾನದವು. ಒತ್ತಡ ಹಾಕಿ ನೀರನ್ನು ಅತಿಸೂಕ್ಷ್ಮ ಪೊರೆಯ ಮೂಲಕ ನೂಕುತ್ತಾರೆ. ಲವಣ ಹಿಂದೆ ಉಳಿಯುತ್ತದೆ. ಲವಣ, ಫ್ಲೋರೈಡ್‌ಗಳಿಗೆ ಇದು ಒಳ್ಳೆಯ ಉಪಾಯ. ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. ಸಾವಿರ ಲೀಟರಿನಲ್ಲಿ ಐನೂರು ಲೀಟರ್ ಶುದ್ಧ ನೀರು ಪಡೆದರೆ, ಉಳಿದ ಐನೂರರಲ್ಲಿ ಲವಣ ಸುಮಾರು ಇಮ್ಮಡಿಯಾಗಿರುತ್ತದೆ. ಅದು ಅದೇ ಕೊಳವೆಬಾವಿಯ ಪಕ್ಕದಲ್ಲಿ ಇಂಗಿದರೆ ವರುಷ ವರುಷ ಬಾವಿಯೇ ಉಪ್ಪಾಗುತ್ತದೆ. ಎರಡನೆಯದು, ಮೆಥನಾಲಿನಂಥ ಸಣ್ಣ ಅಣುಗಳ ದ್ರಾವಕಗಳನ್ನು ಈ ಪೊರೆ ಸರಿಯಾಗಿ ತಡೆಯುವುದಿಲ್ಲ.

ಕೈಗಾರಿಕಾ ಪ್ರದೇಶದ ಹತ್ತಿರದ ಊರುಗಳಲ್ಲಿ ನೀರಿನ ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ಏನಿದೆ ಎಂಬುದಕ್ಕಿಂತ ಏನನ್ನು ಪರೀಕ್ಷಿಸಿಲ್ಲ ಎಂಬುದನ್ನು ಮೊದಲು ಓದಬೇಕು. ಆಮ್ಲೀಯತೆ, ಗಡಸುತನ, ಕರಗಿದ ಲವಣ, ಕ್ಲೋರೈಡ್, ನೈಟ್ರೇಟ್ ಎಲ್ಲವೂ ಮಿತಿಯೊಳಗಿದ್ದು ನೀರಿನಲ್ಲಿ ದ್ರಾವಕವಿರಬಹುದು. ದ್ರಾವಕವನ್ನು ಪತ್ತೆಹಚ್ಚುವುದು ಕ್ರೊಮ್ಯಾಟೊಗ್ರಫಿ. ಇದೂ ಭೌತಿಕ ಬೇರ್ಪಡಿಕೆಯ ವಿಧಾನವೇ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎಲೆಯ ಬಣ್ಣಗಳನ್ನು ಸುಣ್ಣದ ಹುಡಿಯ ಕೊಳವೆಯಲ್ಲಿ ಬಿಡಿಸಿ ಇದನ್ನು ಆರಂಭಿಸಿದ. ಸೋಸು ಕಾಗದದ ಪಟ್ಟಿಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ ಇಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನು ನೀರಿಗೆ ತಾಗಿಸಿದರೆ, ಕಪ್ಪಿನೊಳಗಿಂದ ನೀಲಿ, ಕೆಂಪು, ಹಳದಿ ಬಣ್ಣಗಳು ಒಂದೊಂದಾಗಿ ಮೇಲೇರುವುದನ್ನು ಯಾವ ಹಳ್ಳಿಯ ಶಾಲೆಯಲ್ಲಿಯೂ ಕಾಣಬಹುದು. ಪ್ರಯೋಗಾಲಯದ ಯಂತ್ರ ನೀರಿನಲ್ಲಿ ಅಡಗಿದ ದ್ರಾವಕಗಳನ್ನು ಹೀಗೆಯೇ ಒಂದೊಂದಾಗಿ ಬಿಡಿಸಿ ಅಳೆಯುತ್ತದೆ.

ಆದುದರಿಂದ ಗ್ರಾಮಸಭೆಗಳು ಕೇಳಬೇಕಾದುದು ಇಷ್ಟು. ಬಾಷ್ಪಶೀಲ ಸಾವಯವ ದ್ರಾವಕಗಳ ಪರೀಕ್ಷೆಯೂ ಆಗಲಿ. ಅದಕ್ಕೆ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿ ಒಯ್ದರೆ ದ್ರಾವಕ ಆವಿಯಾಗಿ ಹೋಗಿಬಿಡುತ್ತದೆ. ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ತಂಪಾಗಿಟ್ಟು, ಮಾನ್ಯತೆಯುಳ್ಳ ಪ್ರಯೋಗಾಲಯಕ್ಕೆ ಬೇಗ ತಲುಪಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ತೆಗೆಯಬೇಕು. ಸೀಸೆಯ ಮೇಲೆ ದಿನ, ಗಳಿಗೆ, ಬಾವಿಯ ಗುರುತು ಬರೆದು ಸಾಕ್ಷಿಗಳ ಸಹಿ ಪಡೆಯಬೇಕು. 1974ರ ಜಲ ಕಾಯಿದೆಯ 24ನೆಯ ಕಲಂ ಹಳ್ಳ ಅಥವಾ ಬಾವಿಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಘಟಕಗಳಿಗೆ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಯಾವ ನಾಗರಿಕನೂ ಕೇಳಬಹುದು. ತರುವ ದ್ರಾವಕವೆಷ್ಟು, ಮರಳಿ ಪಡೆದದ್ದೆಷ್ಟು, ಶೇಷವಾಗಿ ಸಾಗಿಸಿದ್ದೆಷ್ಟು? ಕೂಡಿಸಿದಾಗ ತಾಳೆಯಾಗದ ಪಾಲು ಗಾಳಿಗೋ ನೆಲಕ್ಕೋ ನೀರಿಗೋ ಹೋಗಿದೆ. ಇದನ್ನು ಹೇಳಲು ಎಂಟನೆಯ ತರಗತಿಯ ಗಣಿತ ಸಾಕು.

ಈ ಲೆಕ್ಕ ಹುಮನಾಬಾದಿಗೆ ಮಾತ್ರ ಸೀಮಿತವಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಲೋಳೆ ತೊಳೆದ ನೀರನ್ನು ತೋಟದ ಅಂಚಿನ ತೊಟ್ಟಿಯಲ್ಲಿ ತಡೆಯುವುದು ಸುಲಭ. ಹೊಳೆಗೆ ಇಳಿದ ಮೇಲೆ ಕೆಳಗಿನ ಊರಿನವರು ಅದನ್ನು ಬಿಡಿಸಲಾರರು. ಕೀಟನಾಶಕದ ಡಬ್ಬಿಯನ್ನು ಝರಿಯಲ್ಲಿ ತೊಳೆಯುವ ಕೈಗೂ ಇದೇ ಮಾತು ಸಲ್ಲುತ್ತದೆ.

ಆಯ್ದಕ್ಕಿ ಮಾರಯ್ಯನ ಮಡದಿ ಲಕ್ಕಮ್ಮನ ಕಥೆ ಕಲ್ಯಾಣದ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಆಕೆ ಮರಳಿ ಕಳುಹಿಸಿದಳು. ಮನೆಯ ಹೊಸ್ತಿಲಲ್ಲಿಯೇ ತಮ್ಮದು ಯಾವುದು, ತಮ್ಮದಲ್ಲದ್ದು ಯಾವುದು ಎಂದು ಬೇರ್ಪಡಿಸಿದ್ದರಿಂದ ಒಂದು ಮಾತಿನಲ್ಲಿ ಕೆಲಸ ಮುಗಿಯಿತು. ಮಡಕೆಯಲ್ಲಿ ಬೆಂದು ಅನ್ನವಾದ ಮೇಲೆ ಆ ಕೆಲಸ ಲಕ್ಕಮ್ಮನಿಂದಲೂ ಆಗುತ್ತಿರಲಿಲ್ಲ.